ಹಿಂದಿನ ಸೀಟಿನ ಮಹಾರಾಜರು

ನನ್ನ ಭಾವ ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಸಿಟಿ ಬಸ್ ಓಡಿಸಿದರು. ಅಷ್ಟು ವರ್ಷಗಳಲ್ಲಿ ಅವರ ಮುಂದೆ ಕೂರುವ ಧೈರ್ಯ ಮಾಡಿದ್ದು ನನ್ನ ಅಕ್ಕ ಒಬ್ಬಳೇ. ಅದೂ ಬಸ್ಸಿನಲ್ಲಲ್ಲ, ಸಮುದ್ರದಲ್ಲಿ.

ಕಯಾಕ್ ಅಂದರೆ ಉದ್ದನೆಯ, ಕಿರಿದಾದ ದೋಣಿ. ಸೊಂಟದವರೆಗೆ ಅದರೊಳಗೆ ತೂರಿಕೊಂಡು ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ತಳ್ಳುತ್ತ ಹೋಗಬೇಕು. ಇಬ್ಬರು ಕೂರುವಂಥದೂ ಇದೆ. ಮುಂದಿನವರು ತಾಳ ಹಿಡಿಯುತ್ತಾರೆ. ಹಿಂದಿನವರು ಅದೇ ತಾಳಕ್ಕೆ ಹುಟ್ಟು ಹಾಕುತ್ತ, ಕಾಲಿನಿಂದ ಚುಕ್ಕಾಣಿ ತುಳಿಯುತ್ತಾರೆ. ತಾಳ ತಪ್ಪಿದರೆ ಎರಡು ಹುಟ್ಟುಗಳೂ 'ಟಕ್' ಎಂದು ಬಡಿದುಕೊಳ್ಳುತ್ತವೆ. ಆಮೇಲೆ ತಪ್ಪು ಯಾರದು ಎಂಬ ವಿಚಾರಣೆ. ಮದುವೆಯಾದವರಿಗೆ ಮುಂದಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ವರ್ಷಕ್ಕೊಮ್ಮೆ, ಸಮುದ್ರ ಸಾಧುವಾಗಿರುವ ತಿಂಗಳಲ್ಲಿ, ಕಯಾಕಿನ ಹುಚ್ಚು ಹಿಡಿದವರೆಲ್ಲ ದಂಡೆಯ ಮೇಲಿನ ಒಂದು ಶಿಬಿರದಲ್ಲಿ ವಾರವಿಡೀ ಕೂಡುತ್ತಿದ್ದೆವು. ಸಾಲು ಟೆಂಟುಗಳು, ಎಲ್ಲರಿಗೂ ಸೇರಿ ಎರಡು ನಲ್ಲಿ, ತಗಡಿನ ಮಾಡಿನ ಅಡುಗೆಮನೆ, ಎಷ್ಟು ಒಣಗಿಸಿದರೂ ಒಣಗದ ಬಟ್ಟೆ. ಒದ್ದೆ ರಬ್ಬರಿನ ಆ ವಾಸನೆಗೆ ಮೊದಲ ದಿನ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ವಾರ ಮುಗಿದು ಮನೆಗೆ ಬಂದ ಮೇಲೆ ಅದೇ ವಾಸನೆಗಾಗಿ ಚೀಲದೊಳಗೆ ಮೂಗು ತೂರಿಸುತ್ತಿದ್ದೆವು.

ನಮ್ಮ ಮನೆಯವರು ಈ ಹುಚ್ಚಿಗೆ ಬಿದ್ದದ್ದಕ್ಕೆ ಮೂಲ ನನ್ನ ಅಕ್ಕ. ಅವಳು ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಯಂತ್ರದಿಂದ ಒದ್ದೆ ಚಾದರಗಳ ಮುದ್ದೆ ಎಳೆದು, ಕೊಡವಿ, ಮೇಜಿಗೆ ಎಸೆಯುವ ಕೆಲಸ. ಅವಳ ತೋಳು ನೋಡಿದರೆ ಕುಸ್ತಿಪಟುಗಳೂ ಕುರ್ಚಿ ಬಿಟ್ಟುಕೊಡಬೇಕು. ಅಲ್ಲಿನ ಮಸುಕು ಕಿಟಕಿಯಿಂದ ಒಂದು ಚೂರು ಸಮುದ್ರ, ಅದರಾಚೆ ಒಂದು ಬಂಡೆದ್ವೀಪ ಕಾಣುತ್ತಿತ್ತು. ಅದಕ್ಕೆ ಅಕ್ಕ ಇಟ್ಟ ಹೆಸರು ಇಸ್ತ್ರಿಪೆಟ್ಟಿಗೆ. ಅದರ ಆಕಾರವೂ ಹಾಗೇ ಇತ್ತೆನ್ನಿ. "ಒಂದು ಸಲವಾದ್ರೂ ಅಲ್ಲಿ ನಿಂತು ಈ ಕಿಟಕೀನ ನೋಡ್ಬೇಕು ಕಣೋ" ಎನ್ನುತ್ತಿದ್ದಳು. ಶಿಬಿರದ ಕೊನೆಯ ದಿನ ಎಲ್ಲರೂ ಆ ದ್ವೀಪಕ್ಕೇ ಹೋಗುತ್ತಾರೆಂದು ಗೊತ್ತಾದದ್ದೇ ತಡ, ಭಾವನ ರಜೆಯ ಅರ್ಜಿಯನ್ನೂ ಅವಳೇ ಬರೆದು ಕೊಟ್ಟಳು.

ಹೀಗೆ ಮಹಾರಾಜರು ನೀರಿಗಿಳಿದರು. ಮೊದಲ ದಿನ ಮೊಣಕಾಲುದ್ದ ನೀರಿನಲ್ಲಿ ಎಲ್ಲರನ್ನೂ ಬೇಕೆಂದೇ ದೋಣಿಸಮೇತ ಮಗುಚಿ ಹಾಕುವುದು ಶಿಬಿರದ ಪಾಠ. ಭಾವ ಮಗುಚಿ ಎದ್ದಾಗಲೂ ಡ್ರೈವರ್ ಟೋಪಿ ತಲೆಯ ಮೇಲೇ ಇತ್ತು. ಎದ್ದವರು ಕೇಳಿದ ಮೊದಲ ಪ್ರಶ್ನೆ: "ಇದಕ್ಕೆ ಬ್ರೇಕ್ ಎಲ್ಲಿದೆ?"

ಅಕ್ಕ ಮುಂದೆ, ಭಾವ ಹಿಂದೆ. ಮೊದಲ ವರ್ಷವೇ ಇಬ್ಬರೂ ಶಿಬಿರದ ಕಣ್ಮಣಿಗಳಾದರು. ಸುತ್ತಮುತ್ತ ಉಳಿದ ಜೋಡಿಗಳ ಟಕ್ ಟಕ್, "ನಿಮಗೆ ಎಡ ಯಾವುದು ಅಂತ ಗೊತ್ತಿಲ್ವಾ?", "ನಿಮ್ಮಪ್ಪನ ಮನೇಲಿ ಇದನ್ನೇ ಕಲಿಸಿದ್ದಾ?" ಎಂಬ ಘೋರ ಸಂಗ್ರಾಮ ನಡೆಯುತ್ತಿರುವಾಗ, ಇವರ ದೋಣಿ ಮಾತ್ರ ಸದ್ದಿಲ್ಲದೆ ಹಂಸದ ಹಾಗೆ ಸಾಗುತ್ತಿತ್ತು. ಒಂದೇ ಒಂದು ಟಕ್ ಇಲ್ಲ! ಶಿಬಿರ ನಡೆಸುವಾಕೆ ಒಬ್ಬ ಮಾಜಿ ಈಜು ಶಿಕ್ಷಕಿ. ಕೊರಳಲ್ಲಿ ಸದಾ ಸೀಟಿ ಇದ್ದುದರಿಂದ ನಮಗೆಲ್ಲ ಸೀಟಿ ಮೇಡಂ. ಹೊಸದಾಗಿ ಮದುವೆಯಾದವರನ್ನು ದಂಡೆಯಲ್ಲಿ ಸಾಲಾಗಿ ನಿಲ್ಲಿಸಿ ಅವರು ಬೆರಳು ತೋರಿಸುತ್ತಿದ್ದರು: "ನೋಡ್ಕೊಳ್ಳಿ, ಸಾಮರಸ್ಯ ಅಂದ್ರೆ ಅದು!"

ಆ ಸಾಮರಸ್ಯದ ಗುಟ್ಟು ಗೊತ್ತಿದ್ದುದು ಅವರ ಪಕ್ಕದಲ್ಲೇ ಒಂಟಿ ಕಯಾಕಿನಲ್ಲಿ ಹೋಗುತ್ತಿದ್ದ ನನಗೆ. ಭಾವ ಹುಟ್ಟು ಹಾಕುತ್ತಲೇ ಇರಲಿಲ್ಲ. ಹೊರಟು ಹತ್ತು ಮಾರು ಹೋಗುವಷ್ಟರಲ್ಲಿ ಹುಟ್ಟನ್ನು ಮಡಿಲಿನ ಮೇಲೆ ಅಡ್ಡ ಇಟ್ಟು, ಲೈಫ್ ಜಾಕೆಟ್ಟಿನ ಜೇಬಿನಿಂದ ಬಿಸ್ಕತ್ತು ತೆಗೆದು, ರಾಜ್ಯವನ್ನು ವೀಕ್ಷಿಸಲು ಹೊರಟ ಅರಸರ ಗತ್ತಿನಲ್ಲಿ ಕೂರುತ್ತಿದ್ದರು. ಚುಕ್ಕಾಣಿಯ ಮೇಲೆ ಕಾಲು ಮಾತ್ರ ಅಲ್ಲಾಡುತ್ತಿತ್ತು. ಮುಂದೆ ಕೂತ ಅಕ್ಕನಿಗೆ ಹಿಂದಿನದು ಕಾಣುವ ಹಾಗಿಲ್ಲ. ನನ್ನ ಕಡೆ ಕಣ್ಣು ಮಿಟುಕಿಸಿ ಒಂದು ಬಿಸ್ಕತ್ತು ಎಸೆದರೆ ನನ್ನ ಬಾಯಿಯೂ ಬಂದ್. ಹತ್ತಾರು ವರ್ಷ ಆ ಸಾಮ್ರಾಜ್ಯ ಹೀಗೇ ನಡೆಯಿತು.

ಆಮೇಲೆ ಅಕ್ಕನ ಬಲಭುಜ ಕೈಕೊಟ್ಟಿತು. ಅಷ್ಟು ವರ್ಷಗಳ ಒದ್ದೆ ಚಾದರಗಳು ಸೇಡು ತೀರಿಸಿಕೊಂಡವು. "ಇನ್ನು ಹುಟ್ಟು ಹಿಡಿದ್ರೆ ನನ್ನ ಹತ್ರ ಬರ್ಬೇಡಿ" ಎಂದುಬಿಟ್ಟರು ಡಾಕ್ಟರು. ಆದರೂ ಆ ವರ್ಷ ಅಕ್ಕ ಶಿಬಿರಕ್ಕೆ ಬಂದಳು. ಟೆಂಟಿನ ಮುಂದೆ ಕುರ್ಚಿ ಹಾಕಿಕೊಂಡು, ನಾವು ಹೋಗುವುದನ್ನೂ ಬರುವುದನ್ನೂ ನೋಡುತ್ತ ದಿನ ಕಳೆದಳು. ಕೊನೆಯ ದಿನದ ಹಿಂದಿನ ಸಂಜೆ, ಊಟದ ಮೇಜಿನಲ್ಲಿ, ಮೆಲ್ಲಗೆ ಹೇಳಿದಳು: "ಇಸ್ತ್ರಿಪೆಟ್ಟಿಗೆಯನ್ನ ಇನ್ನೊಂದೇ ಒಂದು ಸಲ ನೋಡಿ ಬರ್ಬೇಕಿತ್ತು. ಮುಂದಿನ ವರ್ಷ ನಾನು ಬರೋದಿಲ್ಲ."

ಭಾವ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅದಕ್ಕೇನಂತೆ? ನೀನು ಸುಮ್ನೆ ಕೂತ್ಕೋ. ನಾನು ಕರ್ಕೊಂಡು ಹೋಗ್ತೀನಿ."

ನನಗೆ ತುತ್ತು ನೆತ್ತಿಗೇರಿತು.

ಸೀಟಿ ಮೇಡಂ ಅನುಮಾನದಿಂದ ಭಾವನನ್ನು ಅಳೆದರು. "ಒಬ್ಬರೇ ಇಬ್ಬರನ್ನ ಎಳೀಬೇಕು, ಹುಷಾರ್. ಅರ್ಧ ದಾರೀಲಿ ಕೆಂಪು ತೇಲುಗುಂಡು ಇದೆಯಲ್ಲ, ಅಲ್ಲೀವರೆಗೆ ನೋಡ್ತೀನಿ. ಹಿಂದೆ ಬಿದ್ರೆ ವಾಪಸ್. ಅಕ್ಕನವರ ಮುಖ ನೋಡಿ ಬಿಡೋದಿಲ್ಲ."

ಬೆಳಿಗ್ಗೆ ಹೊರಟೆವು. ಮಹಾರಾಜರ ಹುಟ್ಟು ಮೊದಲ ಬಾರಿಗೆ ರಾಜಕಾರ್ಯಕ್ಕಿಳಿಯಿತು. ಎಡಕ್ಕೆ ಹೊಡೆದದ್ದು ಆಳ, ಬಲಕ್ಕೆ ಹೊಡೆದದ್ದು ಗಾಳಿಗೆ. ಹೊಂಡ ತಪ್ಪಿಸುವ ಬಸ್ಸಿನ ಹಾಗೆ ದೋಣಿ ಅಡ್ಡಾದಿಡ್ಡಿ. ತೇಲುಗುಂಡು ಇನ್ನೂ ದೂರವಿರುವಾಗಲೇ ಎದುರುಗಾಳಿ ಎದ್ದಿತು. ನಾನು, ಮೇಡಂ ಬಿಟ್ಟು ಉಳಿದವರೆಲ್ಲ ಮುಂದೆ ಹೋದರು. ಭಾವನ ಮುಖ ಬೆಂದ ಬೀಟ್‌ರೂಟು. ಮೇಡಂ ಕೈ ಸೀಟಿಯ ಹತ್ತಿರ ಹೋದದ್ದನ್ನು ನಾನು ನೋಡಿದೆ. ಅಕ್ಕನೂ ನೋಡಿದಳು.

ಮಡಿಲಲ್ಲಿದ್ದ ಹುಟ್ಟನ್ನು ಎತ್ತಿ ಅವಳು ಒಂದೇ ಒಂದು ಸಲ ನೀರಿಗೆ ಹಾಕಿದಳು.

ಟಕ್!

ಭಾವನ ಹುಟ್ಟು ಅವಳ ಹುಟ್ಟಿಗೆ ಬಡಿದಿತ್ತು. ಅಕ್ಕ ತಿರುಗಲಿಲ್ಲ. ಇಡೀ ಸಮುದ್ರಕ್ಕೆ ಕೇಳುವ ಹಾಗೆ ನಕ್ಕಳು.

"ಅಂತೂ ಬಂದ್ರಾ!"

ನನ್ನ ಕೈಯೂ ನಿಂತಿತು, ಭಾವನದೂ ನಿಂತಿತು.

"ನಿಲ್ಲಿಸ್ಬೇಡಿ ಮಾರಾಯ್ರೇ! ನನ್ನ ಬೆನ್ನು ನೋಡಿ. ನಾನು ಯಾವ ಕಡೆ ವಾಲ್ತೀನೋ ಆ ಕಡೆ ಹಾಕಿ. ಎಡ... ಬಲ... ಅವಸರ ಯಾಕೆ, ಡಿಪೋ ಮುಚ್ಚಿಹೋಗ್ತಿದೆಯಾ? ಎಡ..."

ಹುಟ್ಟು ಮತ್ತೆ ಅವಳ ಮಡಿಲಿಗೆ ಹೋಯಿತು. ಬೆನ್ನು ಮಾತ್ರ ಎಡಕ್ಕೆ ಬಲಕ್ಕೆ ವಾಲುತ್ತಿತ್ತು. ಭಾವ ಆ ಬೆನ್ನಿನಿಂದ ಕಣ್ಣು ಕೀಳಲಿಲ್ಲ. ಮದುವೆಯಾದ ಹೊಸತರಲ್ಲೂ ಅವರು ಅವಳನ್ನು ಅಷ್ಟು ಹೊತ್ತು ದಿಟ್ಟಿಸಿದ್ದು ನಾನು ಕಂಡಿರಲಿಲ್ಲ. ದೋಣಿ ನೆಟ್ಟಗಾಯಿತು. ಕೆಂಪು ತೇಲುಗುಂಡು ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದೆ ಹೋಯಿತು. ಮೇಡಂ ಬಾಯಿಗಿಟ್ಟ ಸೀಟಿಯನ್ನು ಊದದೆ ಕೆಳಗಿಳಿಸಿ, ಬೇರೆ ಕಡೆ ನೋಡಿದರು.

ಇಸ್ತ್ರಿಪೆಟ್ಟಿಗೆಯ ಮೇಲೆ ಇಬ್ಬರೂ ಕಾಲು ಚಾಚಿ ಕೂತರು. ಆಸ್ಪತ್ರೆಯ ಕಿಟಕಿಗಳು ದೂರದಲ್ಲಿ ಚುಕ್ಕಿಗಳಾಗಿದ್ದವು. ಯಾವುದು ತನ್ನದೆಂದು ಅಕ್ಕ ಪ್ರತಿ ವರ್ಷದಂತೆ ಆ ವರ್ಷವೂ ಹುಡುಕಿದಳು, ಪ್ರತಿ ವರ್ಷದಂತೆ ಬೇರೆಯದೇ ಒಂದನ್ನು ತೋರಿಸಿದಳು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ.

ಭಾವ ಕೆಮ್ಮಿದರು. "ಯಾವಾಗಿಂದ ಗೊತ್ತು?"

"ಮೊದಲನೇ ವರ್ಷದಿಂದ. ಬಿಸ್ಕತ್ತು ಅಗಿಯೋ ಸದ್ದು ಕೇಳೋದಿಲ್ಲ ಅಂದ್ಕೊಂಡ್ರಾ?" ಆಮೇಲೆ ನನ್ನ ಕಡೆ ತಿರುಗಿದಳು. "ಇವನದ್ದೂ ಸೇರಿಸಿ."

ನಾನು ಚಹಾದ ಲೋಟದೊಳಗೆ ಅಡಗಿಕೊಂಡೆ.

"ಮತ್ತೆ ಹೇಳ್ಬಾರ್ದಿತ್ತಾ?" ಎಂದರು ಭಾವ.

"ಹೇಳಿದ್ರೆ ಹುಟ್ಟು ಹಾಕ್ತಿದ್ರಿ. ಹಾಕಿದ್ರೆ ಆ ಉಳಿದವರ ಹಾಗೆ ಜಗಳ. ವರ್ಷವಿಡೀ ಊರನ್ನೇ ಹೊತ್ಕೊಂಡು ತಿರುಗ್ತೀರಿ, ಒಂದು ವಾರ ಪ್ಯಾಸೆಂಜರ್ ಆಗಿ ಕೂತ್ಕೊಳ್ಳಲಿ ಅಂತ ಬಿಟ್ಟೆ."

ಭಾವ ಲೋಟ ಕೆಳಗಿಟ್ಟರು. "ಒಂದು ದಿನಾನೂ ಟಿಕೆಟ್ ಕೇಳ್ಲಿಲ್ಲವಲ್ಲೇ ನೀನು."

"ಇವತ್ತು ಕೇಳಿದ್ನಲ್ಲ" ಎಂದು ಅಕ್ಕ ಅವರ ಜೇಬಿಗೇ ಕೈ ಹಾಕಿ ಕೊನೆಯ ಬಿಸ್ಕತ್ತು ತೆಗೆದುಕೊಂಡಳು.

ಮುಂದಿನ ವರ್ಷದಿಂದ ಅವರು ಬರಲಿಲ್ಲ. ಅವರ ದೋಣಿಯನ್ನು ಈಗ ಒಂದು ಹೊಸ ಜೋಡಿ ಓಡಿಸುತ್ತದೆ. ಬಡಿದಾಟದ ಸದ್ದಿಗೆ ಮೀನುಗಳು ವಲಸೆ ಹೋಗಿರಬೇಕು. ನಾನು ಪಕ್ಕದಲ್ಲೇ ಹೋಗುತ್ತೇನೆ, ಯಾರೂ ಬಿಸ್ಕತ್ತು ಎಸೆಯುವುದಿಲ್ಲ. ಕೊನೆಯ ದಿನ ಬಂಡೆಯ ಮೇಲೆ ನಿಂತು ಅಕ್ಕನ ಮನೆಗೆ ಫೋನ್ ಮಾಡುವುದು ನನ್ನ ರೂಢಿ. ಭಾವ ಪ್ರತಿ ಸಲವೂ ಗಾಳಿ ಹೇಗಿದೆ, ತೇಲುಗುಂಡು ಅಲ್ಲೇ ಇದೆಯಾ ಎಂದೆಲ್ಲ ಕೇಳಿ, ಕೊನೆಗೆ ದನಿ ತಗ್ಗಿಸುತ್ತಾರೆ:

"ಅವತ್ತಿನ ಆ ಟಕ್ ಇದೆಯಲ್ಲ, ಅದು ಅವಳದ್ದೇ ತಪ್ಪು ಕಣಯ್ಯಾ. ನನ್ನ ತಾಳ ಸರಿಯಾಗೇ ಇತ್ತು."

ಹಿಂದಿನಿಂದ ಅಕ್ಕನ ದನಿ ಬರುತ್ತದೆ: "ಹುಟ್ಟು ಹಾಕಿದ್ದೇ ಒಂದು ದಿನ, ಅದಕ್ಕಿಷ್ಟು ಮಾತು!"