ಆವಿಗೂ ಮುಂಚೆ ಬಿಟ್ಟ ಅನಿಲ

ಸಂಗಮೇಶನಿಗೆ ಹೇಸಿಗೆಪಡುವುದು ಹುಟ್ಟುಗುಣ. ಹೋಟೆಲಿಗೆ ಹೋದರೆ ತೊಳೆದ ಲೋಟವನ್ನೇ ಮತ್ತೆ ತೊಳೆಸುವ ಆಸಾಮಿ. ದಾವಣಗೆರೆಯಿಂದ ಬಂದು ಜಿಗಣಿಯ ಹೈಡ್ರೋಜನ್ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಈ ಎಂಜಿನಿಯರಿಗೆ ಎಲ್ಲಕ್ಕಿಂತ ಹೇಸಿಗೆಯೆಂದರೆ ಮಸಿ, ಅದೂ ನಿಕಲ್ಲಿನ ಮೇಲೆ ಕೂರುವ ಮಸಿ.

ಅಲ್ಲಿ ಕುಲುಮೆಯೊಳಗಿನ ಉದ್ದುದ್ದ ಕೊಳವೆಗಳಲ್ಲಿ ನಿಕಲ್ ಬೆರೆತ ಬಿಲ್ಲೆಗಳಿರುತ್ತವೆ. ನೈಸರ್ಗಿಕ ಅನಿಲವೂ ನೀರಾವಿಯೂ ಕೂಡಿ ಅವುಗಳ ಮೇಲೆ ಹಾಯ್ದರೆ ಹೈಡ್ರೋಜನ್ ಹುಟ್ಟುತ್ತದೆ. ಆವಿ ಕಡಿಮೆಯಾಯಿತೋ, ಅನಿಲದಲ್ಲಿರುವ ಇಂಗಾಲ ಮಸಿಯಾಗಿ ಮೆತ್ತಿಕೊಂಡು ಬಿಲ್ಲೆಯನ್ನೇ ಪುಡಿ ಮಾಡುತ್ತದೆ. ಮೊದಲು ಆವಿ, ಆಮೇಲೆ ಅನಿಲ. ಇಷ್ಟನ್ನು ಕಾಯುವುದರಲ್ಲೇ ಅವನ ತಲೆ ನರೆತಿತ್ತು.

ಆ ಶುಕ್ರವಾರ ಹೊಸ ಬಿಲ್ಲೆಗಳೊಂದಿಗೆ ಕಾರ್ಖಾನೆ ಮತ್ತೆ ಶುರುವಾಗಬೇಕಿತ್ತು. ಪ್ರತಿ ಕೊಳವೆಯನ್ನೂ ಸಂಗಮೇಶ ಎದುರಿಗೆ ನಿಂತೇ ತುಂಬಿಸಿದ್ದ. ಮಗಳ ಹುಟ್ಟುಹಬ್ಬಕ್ಕೂ ಮನೆಗೆ ಹೋಗಿರಲಿಲ್ಲ. ಈ ಸಲದ್ದಾದರೂ ಪೂರ್ತಿ ಬಾಳಬೇಕೆಂಬ ಹಟ. ಬಾಯ್ಲರ್ ನೋಡಿದರೆ ಆವಿ ಕೊಡಲು ತಿಣುಕುತ್ತಿತ್ತು. ಊರ ದೇವಸ್ಥಾನದ ಪೂಜಾರಿ ನಂಜಪ್ಪ ದೀಪ ಹಚ್ಚಿ ಪೂಜೆ ಮುಗಿಸಿ, ಎಲೆ ಅಡಿಕೆ ಜಗಿಯುತ್ತ ಪಕ್ಕದಲ್ಲೇ ನಿಂತಿದ್ದ. ಮಾಲೀಕ ಚಿರಂಜೀವಿ ಗಡಿಯಾರ ನೋಡಿಕೊಂಡು ಕುಣಿಯುತ್ತಿದ್ದ.

"ಹತ್ತೂವರೆಗೆ ರಾಹುಕಾಲ ಕಣ್ರೀ! ಗ್ಯಾಸ್ ಬಿಡ್ರೀ!"

"ಸ್ಟೀಮ್ ಇನ್ನೂ ಸಾಲ್ದು ಸಾರ್. ಒಳಗೆಲ್ಲಾ ಕಾರ್ಬನ್ ಕಟ್ಕೊಳ್ಳುತ್ತೆ. ಅರ್ಧ ಗಂಟೆ ಕೊಡಿ."

"ನಿಮ್ಮ ಅರ್ಧ ಗಂಟೆಗೆ ರಾಹು ಕಾಯ್ತಾನೇನ್ರೀ? ಪೂಜಾರಪ್ಪ ಟೈಮ್ ಹೇಳಾಗಿದೆ."

ಥೂ! ಸಂಗಮೇಶ ಪೂಜಾರಿಯತ್ತ ತಿರುಗಿಯೂ ನೋಡಲಿಲ್ಲ. ಕೆಂಪು ಬಾಯಿಯ ಈ ಮೂಢನ ಹತ್ತಿರ ಮಾತೇನು ಎಂದು ಮೂಗು ಮುರಿದು ಹೊರನಡೆದ. ಆವಿ ಸಾಲದಿದ್ದರೆ ಅನಿಲವನ್ನು ತಡೆಯುವ ಏರ್ಪಾಟೊಂದಿತ್ತು. ಚಿರಂಜೀವಿ ಆಪರೇಟರನನ್ನು ಗದರಿಸಿ ಅದನ್ನೂ ಬೈಪಾಸ್ ಮಾಡಿಸಿದ, ಗ್ಯಾಸ್ ಬಿಡಿಸಿದ.

ಸಂಜೆಯೊಳಗೆ ಕೊಳವೆಗಳ ಮೈಮೇಲೆ ಕೆಂಪು ಪಟ್ಟೆಗಳೆದ್ದವು. ಒಳಗೆ ಮಸಿ ಕಟ್ಟಿದರೆ ಹಾಗೇ. ಬರೀ ಆವಿ ಹಾಯಿಸಿ ಕಳೆಯಲು ನೋಡಿದರು, ಬಗ್ಗಲಿಲ್ಲ. ಕಡೆಗೆ ಬಿಚ್ಚಿದರೆ ಬಿಲ್ಲೆಗಳೆಲ್ಲ ಕರಿಹಿಟ್ಟಾಗಿ ಸುರಿದವು. ಕೈಗೆ, ಮೂಗಿಗೆ ಮೆತ್ತಿಕೊಂಡ ಅದನ್ನು ಸಂಗಮೇಶ ಮತ್ತೆ ಮತ್ತೆ ತೊಳೆದುಕೊಂಡ. ಚಿರಂಜೀವಿಯೋ, ಯಾರದೋ ಕಣ್ಣು ಬಿತ್ತೆಂದು ಕುಂಬಳಕಾಯಿ ಒಡೆಸಲು ಮತ್ತೆ ನಂಜಪ್ಪನನ್ನೇ ಕರೆಸಿದ. ನಾಚಿಕೆಯಾದರೂ ಬೇಡವೇ!

ಸಂಗಮೇಶ ಪೂಜಾರಿಯ ಮೇಲೆ ಸಿಡಿದೇಬಿಟ್ಟ. "ನಿಮ್ಮ ರಾಹುಕಾಲದಿಂದ ಎಲ್ಲಾ ಮಸಿ ಆಗೋಯ್ತು ನೋಡ್ರೀ!"

ಮುದುಕ ಕಕ್ಕಾಬಿಕ್ಕಿಯಾದ. "ನಾನು ಏಳಿದ್ದು ದೀಪ ಅಚ್ಚೋಕೆ ಸಾಮಿ. ದೀಪ ಅಚ್ಚಿದ್ರೆ ಕೆಲ್ಸ ಸುರುವಾದಂಗೆ. ಆಮೇಲೆ ಗ್ಯಾಸು ಯಾವಾಗ ಬಿಟ್ರೇನು? ನೀವು ಗ್ಯಾಸು, ಸ್ಟೀಮು ಅಂತ ಕೂಗಾಡ್ತಿದ್ರಿ, ನಂಗೇನು ತಿಳೀತದೆ? ಒಂದು ಮಾತು ಕೇಳಿದ್ರೆ ಏಳ್ತಿದ್ದೆ."

ಸಂಗಮೇಶ ಈಗ ಅವನತ್ತ ತಿರುಗಿ ನೋಡಿದ. ಪಕ್ಕದಲ್ಲೇ ನಿಂತಿದ್ದ ಮನುಷ್ಯ. ಕೇಳದೆ ಮುಖ ತಿರುಗಿಸಿಕೊಂಡು ಹೋದವನು ತಾನೇ. ಜನ್ಮದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.