ಅಳಿಸಿದ ಹನ್ನೆರಡು ಗೆರೆ

ಬಂದರಿನ ಬೆಂಕಿ ಆರಿಸುವ ದೋಣಿಯಲ್ಲಿ ಪಂಪು ನೋಡಿಕೊಳ್ಳುವವನಿಗೆ ಎಲ್ಲರೂ ಬಳಪಣ್ಣ ಎನ್ನುತ್ತಿದ್ದರು. ಮನೆಯವರಿಟ್ಟ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಉಳಿದಿತ್ತು. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಮೂರು ತುಂಡು ಬಳಪ. ಜೇಬು ಬೆಳ್ಳಗೆ, ಬೆರಳು ಬೆಳ್ಳಗೆ, ಮೂಗು ತುರಿಸಿಕೊಂಡರೆ ಮೂಗೂ ಬೆಳ್ಳಗೆ. ಬಟ್ಟೆ ಒಗೆಯುವ ತಮ್ಮನ ಹೆಂಡತಿ ವಾರಕ್ಕೊಮ್ಮೆಯಾದರೂ ರೇಗಿಸುತ್ತಿದ್ದಳು: "ಭಾವ, ನಿಮ್ಮ ಜೇಬಲ್ಲಿ ಒಂದು ಶಾಲೆನೇ ಇದೆ. ಮೇಷ್ಟ್ರು ಮಾತ್ರ ಕಾಣೆ."

ಬಳಪಕ್ಕೆ ಕಾರಣವಿತ್ತು. ದೋಣಿಯ ಮೇಲೆ ನಿಂತವರಿಗೆ ಬೆಂಕಿ ಕಾಣುತ್ತದೆ, ಜನ ಕಾಣುತ್ತಾರೆ, ಮಾರನೆಯ ದಿನ ಪೇಪರಿನಲ್ಲಿ ಅವರ ಫೋಟೋ ಕಾಣುತ್ತದೆ. ಕೆಳಗೆ ಪಂಪಿನ ಕೋಣೆಯಲ್ಲಿ ಕೂತವನಿಗೆ ಕಾಣುವುದು ಕಬ್ಬಿಣದ ಗೋಡೆ, ಒತ್ತಡ ತೋರಿಸುವ ಎರಡು ಮುಳ್ಳು, ಒಂದು ಗಡಿಯಾರ, ಅಷ್ಟೇ. ಎರಡು ಪಂಪುಗಳಿಗೆ ಅವನು ಅಕ್ಕ, ತಂಗಿ ಎಂದು ಹೆಸರಿಟ್ಟಿದ್ದ. ಅಕ್ಕ ಗುಂಡಿ ಒತ್ತಿದ ಕೂಡಲೇ ನೀರೆಳೆಯುವಳು. ತಂಗಿಯದು ಕೆಮ್ಮು, ಗೊಣಗು, ಮುನಿಸು ಎಲ್ಲ ಮುಗಿದ ಮೇಲೆ ಕೆಲಸ. ನೀರೆಳೆಯುವ ಬಾಯಿಯ ಜಾಲರಿಗೆ ಪಾಚಿ ಸಿಕ್ಕಿದರೆ ಮುಳ್ಳು ಅಲುಗುವ ಮೊದಲೇ ಅವನ ಅಂಗೈಗೆ ಗೊತ್ತಾಗುತ್ತಿತ್ತು. ಪಂಪಿನ ಮೈಮೇಲೆ ಕೈಯಿಟ್ಟು, "ಏನಮ್ಮಾ, ಗಂಟಲು ಕಟ್ಟಿತಾ?" ಎಂದು ಕೇಳಿ ಜಾಲರಿ ಬದಲಿಸುತ್ತಿದ್ದ.

ಬಳಪದಿಂದ ಅವನು ಗೋಡೆಯ ಮೇಲೆ ಎಳೆಯುವ ಗೆರೆ ಮಾತ್ರ ತಮಾಷೆಯ ವಿಷಯವಾಗಿರಲಿಲ್ಲ. ದೋಣಿಯ ಮೇಲಿನ ಒಂದು ನೀರಿನ ತೋಪು ಐದು ನಿಮಿಷ ತೆರೆದಿದ್ದರೆ ಇಪ್ಪತ್ತು ಟನ್ ನೀರು ಹೋಗುತ್ತದೆ. ಅದಕ್ಕೆ ಒಂದು ಗೆರೆ. ಉರಿಯುವ ಹಡಗಿನೊಳಗೆ ಸುರಿದ ನೀರು ಎಲ್ಲಿಗೂ ಹೋಗುವುದಿಲ್ಲ, ಹಡಗಿನಲ್ಲೇ ಕೂರುತ್ತದೆ. ಮಿತಿ ಮೀರಿದರೆ ಹಡಗು ಒಂದು ಮಗ್ಗುಲಿಗೆ ವಾಲಿ, ಕೊನೆಗೆ ಮಗುಚಿಯೇ ಬಿಡುತ್ತದೆ. ಆದ್ದರಿಂದ ಗೆರೆ ಎಣಿಸುವುದು ಪಂಪಿನವನ ಧರ್ಮ. ಮಿತಿ ಮುಟ್ಟಿದಾಗ ದೋಣಿಯ ಕ್ಯಾಪ್ಟನ್ ಕೇಳಲಿ ಬಿಡಲಿ, ಮೇಲಕ್ಕೆ ಹೋಗುವ ಮಾತಿನ ಕೊಳವೆಗೆ ಬಾಯಿಟ್ಟು ಕೂಗಿ ಹೇಳಬೇಕು. ಇಪ್ಪತ್ತೆರಡು ವರ್ಷದಲ್ಲಿ ಬಳಪಣ್ಣನ ಲೆಕ್ಕ ಒಂದು ಗೆರೆಯಷ್ಟೂ ತಪ್ಪಿರಲಿಲ್ಲ. ಕ್ಯಾಪ್ಟನ್ ಎಲ್ಲರ ಎದುರಿಗೆ ಹೇಳುತ್ತಿದ್ದ: "ನನ್ನ ಗಡಿಯಾರ ಸುಳ್ಳು ಹೇಳಬಹುದು, ಕೆಳಗಿರೋ ಮನುಷ್ಯ ಹೇಳಲ್ಲ."

ಅವನಿಗೆ ಇದ್ದವನೆಂದರೆ ತಮ್ಮನೊಬ್ಬನೇ. ಅಪ್ಪ ಅಮ್ಮ ಬೇಗ ಹೋದರು. ತಮ್ಮನನ್ನು ಸಾಕಿ, ಓದಿಸಿ, ಮದುವೆ ಮಾಡುವಷ್ಟರಲ್ಲಿ ತಾನು ಮದುವೆಯಾಗುವ ವಯಸ್ಸು ದಾಟಿತ್ತು. ಅದಕ್ಕವನು ಕೊರಗಿದವನಲ್ಲ. ಕೊರಗಿದ್ದು ಬೇರೆಯದಕ್ಕೆ. ತಮ್ಮನಿಗೆ ಆರು ವರ್ಷವಿದ್ದಾಗ, ಹಡಗು ನಿಲ್ಲುವ ಧಕ್ಕೆಯ ಮೆಟ್ಟಿಲ ಮೇಲೆ ಕೂರಿಸಿ, ಗಾಳಿಪಟ ನೋಡುತ್ತ ನಿಂತಿದ್ದ. ತಿರುಗಿದರೆ ತಮ್ಮನಿಲ್ಲ. ಯಾರೋ ಹಮಾಲಿಯೊಬ್ಬ ನೀರಿಗೆ ಹಾರಿ, ಕೂದಲು ಹಿಡಿದು ಎಳೆದು ತಂದ. ಜೀವ ಉಳಿಯಿತು, ಹೆದರಿಕೆಯೂ ಉಳಿಯಿತು. ದೊಡ್ಡವನಾದ ಮೇಲೂ ತಮ್ಮ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಂಡವನಲ್ಲ. ಸೋಪು ಉರಿದರೂ ಸರಿ, ಕಣ್ಣು ಬಿಟ್ಟೇ ಸ್ನಾನ. ಹೊಸದರಲ್ಲಿ ಹೆಂಡತಿ ಹೊಟ್ಟೆ ಹಿಡಿದು ನಕ್ಕಿದ್ದಳು. ಆಮೇಲೆ ಕಾರಣ ತಿಳಿದು, ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಬೇಡಿ ಎಂದಿದ್ದಳು.

ತಮ್ಮ ಅಗ್ನಿಶಾಮಕ ದಳಕ್ಕೇ ಸೇರಿದ, ಆದರೆ ನೆಲದ ಮೇಲಿನದಕ್ಕೆ. ದೋಣಿಗೆ ಬಾ ಎಂದರೆ, "ನಿನ್ನ ನೀರು ನಿನಗಿರಲಿ, ನನ್ನ ಬೆಂಕಿ ನನಗಿರಲಿ" ಎನ್ನುತ್ತಿದ್ದ. ಬೆಂಕಿಗೆ ಮಾತ್ರ ಅವನು ಕ್ಯಾರೇ ಅನ್ನುತ್ತಿರಲಿಲ್ಲ. ಹೊಗೆಯೊಳಗೆ ನುಗ್ಗಿ ಜನರನ್ನು ಹೊತ್ತು ತರುವುದರಲ್ಲಿ ಎತ್ತಿದ ಕೈ.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಧಕ್ಕೆಯಲ್ಲಿ ನಿಂತಿದ್ದ ಸರಕು ಹಡಗೊಂದರಲ್ಲಿ ಹತ್ತಿಯ ಮೂಟೆಗಳಿಗೆ ಬೆಂಕಿ ಹತ್ತಿತು. ದೋಣಿ ಹೋಗಿ ಹಡಗಿನ ಪಕ್ಕ ನಿಂತಿತು, ದಡದ ಕಡೆಯಿಂದ ತಮ್ಮನ ದಳವೂ ಬಂತು. ಎರಡೂ ತೋಪು ತೆರೆದವು. ಅಕ್ಕ ತಂಗಿ ಇಬ್ಬರೂ ಅಂದು ಒಂದೇ ಸಮನೆ ದುಡಿದರು. ಆ ಹಡಗಿಗೆ ಮೂವತ್ತು ಗೆರೆ ಮಿತಿ ಎಂದು ಕ್ಯಾಪ್ಟನ್ ಮೊದಲೇ ಹೇಳಿದ್ದ.

ಇಪ್ಪತ್ತನಾಲ್ಕನೆಯ ಗೆರೆ ಎಳೆಯುವಾಗ ಕೊಳವೆಯಲ್ಲಿ ಕ್ಯಾಪ್ಟನ್ನನ ದನಿ ಬಂತು. "ಬಳಪಣ್ಣ, ಹಡಗಿನ ತಳದಲ್ಲಿ ಇಬ್ಬರು ನಾವಿಕರು ಸಿಕ್ಕಿಹಾಕ್ಕೊಂಡಿದ್ದಾರಂತೆ. ಹುಡುಕೋಕೆ ನಿನ್ನ ತಮ್ಮ ಒಳಗೆ ಇಳಿದಿದ್ದಾನೆ. ನೀರು ಕಡಿಮೆ ಆಗದ ಹಾಗೆ ನೋಡ್ಕೋ. ಅವನಿಗೂ ಬೆಂಕಿಗೂ ನಡುವೆ ಇರೋದು ನಮ್ಮ ನೀರೊಂದೇ."

ಮೂವತ್ತು ಗೆರೆ ಆಯಿತು. ಬಳಪಣ್ಣ ಕೊಳವೆಯ ಹತ್ತಿರ ಹೋದ. ಬಾಯಿ ತೆರೆದ. ಹೇಳಿದರೆ ನೀರು ನಿಲ್ಲುತ್ತದೆ, ನಿಂತರೆ ತಮ್ಮ ಸುಟ್ಟುಹೋಗುತ್ತಾನೆ. ಬಾಯಿ ಮುಚ್ಚಿಕೊಂಡು ವಾಪಸು ಬಂದ. ಇನ್ನು ಐದು ನಿಮಿಷ, ಇನ್ನೈದೇ ನಿಮಿಷ ಎಂದುಕೊಳ್ಳುತ್ತ ಗೆರೆ ಎಳೆಯುತ್ತಲೇ ಹೋದ. ಎಳೆಯದೇ ಇರುವುದು ಅವನ ಕೈಗೆ ಗೊತ್ತಿರಲಿಲ್ಲ.

ಮೂವತ್ತೆಂಟು ಆದಾಗ ಕೊಳವೆ ಕೇಳಿತು: "ಎಷ್ಟಾಯ್ತು?"

"ಇಪ್ಪತ್ತಾರು."

ಕೊಳವೆ ಮತ್ತೆ ಕೇಳಿತು: "ಇಪ್ಪತ್ತಾರೇನಾ?"

"ಇಪ್ಪತ್ತಾರೇ."

ಆಮೇಲೆ ತನ್ನ ಅಂಗಿಯ ಬಲದ ತೋಳಿನಿಂದ ಗೋಡೆಯ ಮೇಲಿನ ಹನ್ನೆರಡು ಗೆರೆಗಳನ್ನು ಒರೆಸಿದ. ಒರೆಸಿ ತಿರುಗುವಷ್ಟರಲ್ಲಿ ದೋಣಿ ಎದ್ದು ಬಿತ್ತು. ಯಾವುದೋ ದೊಡ್ಡ ಅಲೆ ಕೆಳಗಿಂದ ಎತ್ತಿದ ಹಾಗೆ. ಬೆಂಚಿನ ಮೇಲಿದ್ದ ಟೀ ಲೋಟ ಜಾರಿ ನೆಲಕ್ಕೆ ಬಿತ್ತು. ಸಮುದ್ರದಲ್ಲಿ ಅಲೆಯಿರಲಿಲ್ಲ. ಏನಾಯಿತೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಬಹಳ ಹೊತ್ತಿನ ಮೇಲೆ ಕೊಳವೆಯಲ್ಲಿ ಮೆಲ್ಲಗೆ ದನಿ ಬಂತು: "ನಿಲ್ಸು."

ತಮ್ಮ ಹುಡುಕಲು ಹೋಗಿದ್ದ ಇಬ್ಬರೂ ನಾವಿಕರು ಇನ್ನೊಂದು ಬಾಗಿಲಿನಿಂದ ಆಗಲೇ ಹೊರಬಂದು ದಡದಲ್ಲಿ ನಿಂತಿದ್ದರು. ಹೇಗಿದೆ ನೋಡಿ ಹಣೆಬರಹ. ಎರಡು ದಿನದ ಮೇಲೆ, ಮಗುಚಿದ ಹಡಗಿನೊಳಗಿನ ನೀರಿನಲ್ಲಿ ತಮ್ಮ ಸಿಕ್ಕ. ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ.

ವಿಚಾರಣೆ ನಡೆಯಿತು. ಗೋಡೆಯ ಮೇಲೆ ಇಪ್ಪತ್ತಾರು ಗೆರೆ ಇದ್ದವು. ಬಳಪಣ್ಣನ ಲೆಕ್ಕವೆಂದ ಮೇಲೆ ಮುಗಿಯಿತು, ಅದನ್ನು ಅನುಮಾನಿಸುವವರು ಯಾರು? ಹಡಗು ವಾಲುವುದನ್ನು ಕಣ್ಣಾರೆ ನೋಡಿಯೂ ನೀರು ನಿಲ್ಲಿಸಲಿಲ್ಲವೆಂದು ತಪ್ಪು ಕ್ಯಾಪ್ಟನ್ನನ ತಲೆಗೆ ಬಂತು. ಅವನು ಒಂದು ಮಾತೂ ಆಡದೆ ಟೋಪಿ ತೆಗೆದು ಮೇಜಿನ ಮೇಲಿಟ್ಟು ಹೋದ. ಬಳಪಣ್ಣನೂ ಮಾತಾಡಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡ. ಆ ನಾಳೆಗೆ ಆರು ವರ್ಷವಾಯಿತು.

ಆರು ವರ್ಷವೂ ತಮ್ಮನ ಹೆಂಡತಿ ಅದೇ ಮನೆಯಲ್ಲಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಬಟ್ಟೆ ಹೊಲಿಯುತ್ತಿದ್ದಳು. ಬಳಪಣ್ಣ ಕೆಲಸದಿಂದ ಬಂದು ಕೈಕಾಲು ತೊಳೆದರೆ, "ಭಾವ, ಊಟಕ್ಕೆ ಬನ್ನಿ" ಎಂದು ಒಳಗಿನಿಂದ ಕರೆಯುತ್ತಿದ್ದಳು. ಜೇಬಿನ ಶಾಲೆಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಕ್ಯಾಪ್ಟನ್ನನ ಸುದ್ದಿ ಬಂದರೆ ಸೂಜಿಗೆ ದಾರ ಪೋಣಿಸುತ್ತಲೇ ಶಾಪ ಹಾಕುತ್ತಿದ್ದಳು. ಕೇಳುತ್ತ ಕೂತ ಬಳಪಣ್ಣ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಒಂದು ಭಾನುವಾರ ಇಬ್ಬರೂ ಆಚೆ ದಡಕ್ಕೆ ಹೋಗಬೇಕಾಗಿ ಬಂತು. ದಾಟುದೋಣಿಯ ಟಿಕೆಟ್ ಕಿಟಕಿಯ ಹಿಂದೆ ಕ್ಯಾಪ್ಟನ್ ಕೂತಿದ್ದ. ಕೂದಲು ಪೂರಾ ಹಣ್ಣಾಗಿತ್ತು. ಅವಳು ಗುರುತು ಹಿಡಿದಳು. ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಅಂದಳು: "ನೋಡ್ಕೊಳ್ಳಿ ಎಲ್ಲರೂ. ನನ್ನ ಗಂಡನ್ನ ಮುಳುಗಿಸಿದ ಕೈ ಇದೇ. ಈಗ ಟಿಕೆಟ್ ಹರೀತಿದೆ." ಕ್ಯಾಪ್ಟನ್ ಎರಡು ಟಿಕೆಟ್ ಹರಿದು ಕಿಟಕಿಯಲ್ಲಿ ಇಟ್ಟ. ತಲೆ ಎತ್ತಲೂ ಇಲ್ಲ. ಬಳಪಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಬೆಳಿಗ್ಗೆಯೇ ಒಬ್ಬನೇ ಹೋಗಿ ಕಿಟಕಿಯ ಮುಂದೆ ನಿಂತ. "ಸಾರ್, ಇಪ್ಪತ್ತಾರಲ್ಲ. ಮೂವತ್ತೆಂಟು."

ಕ್ಯಾಪ್ಟನ್ ಕನ್ನಡಕ ತೆಗೆದು ಒರೆಸಿದ. "ಗೊತ್ತು ಕಣೋ. ಗೋಡೆ ನೋಡೋನು ನೀನು, ಹಡಗು ನೋಡೋನು ನಾನು. ವಾಲಿದ್ದು ನನಗೆ ಕಾಣ್ಲಿಲ್ವಾ? ನೀನು ಮೂವತ್ತೆಂಟು ಅಂದಿದ್ರೆ ನಾನು ನಿಲ್ಲಿಸಲೇಬೇಕಿತ್ತು. ನೀನು ಹಾಗನ್ನದೇ ಇರಲಿ ಅಂತ ದೇವರನ್ನ ನೆನೆಸ್ಕೊಂಡೇ ಎರಡನೇ ಸಲ ಕೇಳಿದ್ದು. ನನಗೂ ಅವನು ಬೇಕಾಗಿದ್ದ."

"ನಿಮ್ಮನ್ನ ಬಯ್ತಾಳೆ ಸಾರ್. ನನಗೆ ತಡೆಯಕ್ಕಾಗ್ತಿಲ್ಲ. ಅವಳಿಗೆ ಹೇಳಿಬಿಡ್ತೀನಿ."

"ಹೇಳ್ಬೇಡ. ಬಯ್ಯೋಕೆ ಅಂತ ಅವಳಿಗೆ ಒಬ್ಬ ಬೇಕು, ಭಾವ ಅನ್ನೋಕೆ ಒಬ್ಬ ಬೇಕು. ಎರಡೂ ಒಬ್ಬನೇ ಆಗೋದು ಬೇಡ. ಹೋಗು."

ಬುದ್ಧಿಯಿದ್ದವನು ಆ ಮಾತು ಕೇಳುತ್ತಿದ್ದ. ಬಳಪಣ್ಣ ಕೇಳಲಿಲ್ಲ. ಮನೆಗೆ ಬಂದಾಗ ಅವಳು ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು, ಕುಳಿತುಕೊಳ್ಳದೆ, ಎಲ್ಲವನ್ನೂ ಹೇಳಿದ. ಮೂವತ್ತಕ್ಕೆ ಬಾಯಿ ಮುಚ್ಚಿಕೊಂಡದ್ದು, ಸುಳ್ಳು ಹೇಳಿದ್ದು, ತೋಳಿನಿಂದ ಒರೆಸಿದ್ದು. ಯಂತ್ರ ನಿಂತಿತ್ತು. ಅವಳು ಅರ್ಧ ಕೂಡಿಸಿದ ತೋಳನ್ನು ಮಡಿಲಲ್ಲಿ ಇಟ್ಟುಕೊಂಡು ನೇವರಿಸುತ್ತಲೇ ಇದ್ದಳು.

"ಆ ಅಂಗಿ ಒಗೆದಿದ್ದು ನಾನೇ," ಅಂದಳು. "ಅವತ್ತು ಜೇಬಿಗಿಂತ ತೋಳೇ ಬೆಳ್ಳಗಿತ್ತು. ಅಳ್ತಾ ಕಣ್ಣು ಒರೆಸ್ಕೊಂಡಿರ್ತಾರೆ ಪಾಪ, ಕೈಯಲ್ಲಿದ್ದ ಬಳಪ ಮೆತ್ತಿರುತ್ತೆ ಅಂದ್ಕೊಂಡೆ."

ಅವಳು ತೋಳನ್ನು ಮಡಿಲಿಂದ ಎತ್ತಿ ಯಂತ್ರದ ಮೇಲಿಟ್ಟಳು.

"ನೀವು ನಿಜ ಹೇಳಿದ್ರೆ ಅವರು ಉಳೀತಿದ್ರಾ?"

"ಗೊತ್ತಿಲ್ಲಮ್ಮ. ಬೆಂಕಿ ಇತ್ತು. ಸುಟ್ಟುಹೋಗ್ತಾನೆ ಅಂತ ಹೆದರಿದೆ."

"ಅವರಿಗೆ ಬೆಂಕಿ ಅಂದ್ರೆ ಹೆದರಿಕೆನೇ ಇರಲಿಲ್ಲ," ಅಂದಳು. ದನಿ ಏರಲಿಲ್ಲ. "ನೀರಂದ್ರೆ ಹೆದರಿಕೆ. ಅದು ಈ ಪ್ರಪಂಚದಲ್ಲಿ ಇಬ್ಬರಿಗೇ ಗೊತ್ತಿದ್ದಿದ್ದು. ನನಗೆ, ನಿಮಗೆ."

ಬಳಪಣ್ಣ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತ. ಆರು ವರ್ಷದಲ್ಲಿ ಅವನು ಹಾಗೆ ಅತ್ತಿರಲಿಲ್ಲ. ಅವಳು ಎದ್ದು ಒಳಗೆ ಹೋದಳು. ಬೈಯಲಿಲ್ಲ, ಮನೆ ಬಿಟ್ಟು ಹೋಗುತ್ತೇನೆ ಎನ್ನಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮುಂದಿನ ಭಾನುವಾರ ಬಳಪಣ್ಣ ದಾಟುದೋಣಿಯ ಕಡೆ ಹೋದಾಗ ಕ್ಯಾಪ್ಟನ್ ಕಿಟಕಿಯಿಂದಲೇ ಕೈಬೀಸಿ ಕರೆದ. "ಬೆಳಿಗ್ಗೆ ನಿನ್ನ ತಮ್ಮನ ಹೆಂಡತಿ ಬಂದಿದ್ಲು. ಒಂದು ಟಿಕೆಟ್ ಅಂದ್ಲು, ತಗೊಂಡು ಹೋದ್ಲು. ಒಂದು ಮಾತೂ ಬೈಲಿಲ್ಲ." ಅವನ ಮುಖವನ್ನೇ ನೋಡಿ, "ಹೇಳಿಬಿಟ್ಟೆಯೇನೋ, ಹುಚ್ಚಪ್ಪ?" ಎಂದ.

ಆ ಸಂಜೆ ಬಳಪಣ್ಣ ಮನೆಗೆ ಬಂದು ಕೈಕಾಲು ತೊಳೆದ. ತಂತಿಯ ಮೇಲೆ ಅವನ ಅಂಗಿಗಳು ಎಂದಿನಂತೆ ಒಣಗುತ್ತಿದ್ದವು. ಜೇಬುಗಳನ್ನು ಉಜ್ಜಿ ಉಜ್ಜಿ ಬಳಪದ ಗುರುತೂ ಇಲ್ಲದ ಹಾಗೆ ಒಗೆದಿದ್ದಳು. ಅವನು ಹಜಾರದಲ್ಲಿ ಕೂತು ಕಾದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಟ್ಟೆ ನೆಲಕ್ಕೆ ಇಟ್ಟ ಸದ್ದಾಯಿತು.

"ಊಟ ಇಟ್ಟಿದೆ," ಎಂದಳು, ಯಾರಿಗೂ ಅಲ್ಲವೆಂಬಂತೆ.

ಭಾವ ಎನ್ನುತ್ತಾಳೇನೋ ಎಂದು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಹೋಗಿ, ತಟ್ಟೆಯ ಮುಂದೆ ಕೂತು ಉಂಡ.