ಉಸಿರು ಕೇಳಿಸಿದವರು

ಆ ಶನಿವಾರ ಸಂಜೆ ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತು ಬಿಳಿ ಕ್ಯಾನ್ವಾಸ್ ಬೂಟಿಗೆ ಸುಣ್ಣದ ನೀರು ಹಚ್ಚುತ್ತಿದ್ದರು. ನಾನು ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಒಲೆಯ ಮೇಲೆ ಹಾಲಿತ್ತು. "ಹಾಲು ಬಂತ ನೋಡ," ಎಂದು ಅವರು ಕಟ್ಟೆಯಿಂದಲೇ ಕೂಗಿದರು. ನಾನು ಓಡಿ ಬಂದಾಗ ಹಾಲು ಉಕ್ಕಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ಸಣ್ಣಗೆ ಸದ್ದು ಮಾಡುತ್ತಿತ್ತು, ಅಷ್ಟೆ. ವಾರವೆಲ್ಲ ಫೌಂಡ್ರಿಯಲ್ಲಿ ದುಡಿಯುವ ಮನುಷ್ಯನ ಕಿವಿ ಅದು. ಇದನ್ನು ಮೊದಲಿಗೇ ಬರೆದಿಡುತ್ತೇನೆ, ಯಾಕೆಂದರೆ ಮರುದಿನ ನನ್ನ ತವರೂರು ಖಾನಾಪುರದ ಮಂದಿ ಅವರನ್ನು ಕಿವುಡ ಎಂದು ಕರೆದರು, ಮತ್ತು ಆ ಹೆಸರು ಅವರಿಗೆ ಅಂಟಿಕೊಂಡಿತು.

ಅವರು ಕಬಡ್ಡಿಯ ಪಂಚರಾಗಿದ್ದರು. ಬೇರೆ ಕಡೆ ಅಂಪೈರ್ ಅನ್ನುವುದನ್ನೇ ನಮ್ಮ ಕಡೆ ಪಂಚ ಅನ್ನುತ್ತಾರೆ. ಸಂಬಳವಿಲ್ಲ. ಒಂದು ತೆಂಗಿನಕಾಯಿ, ಒಂದು ಟವೆಲ್, ಒಂದು ತಾಟು ಉಪ್ಪಿಟ್ಟು. ಇದಕ್ಕಾಗಿ ಅವರು ಪ್ರತಿ ಭಾನುವಾರ ಬೆಳಗಾವಿಗೆ ಅಂಟಿಕೊಂಡ ನಮ್ಮ ಅನಗೋಳದಿಂದ ಸೈಕಲ್ ಹತ್ತಿ ಎಲ್ಲಿ ಕರೆದರೆ ಅಲ್ಲಿಗೆ ಹೋಗುತ್ತಿದ್ದರು ಮತ್ತು ಬೈಸಿಕೊಂಡು ಬರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅವರಿಗೆ ಬರುತ್ತಿರಲಿಲ್ಲ. "ಬೈಲಿ ಬಿಡ. ಆರು ದಿನ ಮಾಲಕನ ಮುಂದ ಬಾಯಿ ಮುಚ್ಚಕೊಂಡಿರ್ತಾರ. ಒಂದ ದಿನ ನನ್ನ ಮುಂದ ತಗೀತಾರ," ಎನ್ನುತ್ತಿದ್ದರು.

ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ಆಟದ ನಿಯಮ ಪುಸ್ತಕದಿಂದ ತಿಳಿದವಳಲ್ಲ. ಆದರೆ ಮೈದಾನದ ಸುತ್ತ ನಿಂತು ಪಂಚರಿಗೆ ಬುದ್ಧಿ ಹೇಳುವವರನ್ನು ಚೆನ್ನಾಗಿ ಬಲ್ಲೆ. ಬಸ್ಸು ಹಿಡಿಯಲು ಹತ್ತು ಹೆಜ್ಜೆ ಓಡಿದರೆ ಎದೆ ಹಿಡಿದುಕೊಳ್ಳುವವರು, ರೈಡಿಗೆ ಹೋದವನ ಕಾಲು ನಿಧಾನವಾಯಿತು ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ ಮೂರು ಸಲ ಕರೆದರೂ ಕೇಳಿಸದವರಿಗೆ ಅಂಕಣದಾಚೆಯಿಂದ ಆಟಗಾರನ ಉಸಿರು ಕೇಳಿಸುತ್ತದೆ. ಇವರಲ್ಲೆಲ್ಲ ದೊಡ್ಡ ದನಿ ಖಾನಾಪುರ ಬಸ್ ನಿಲ್ದಾಣದ ಹತ್ತಿರದ ಒಬ್ಬ ಕಿರಾಣಿ ಅಂಗಡಿಯವನದು. ತನ್ನ ತಕ್ಕಡಿಯ ಮುಳ್ಳು ಎತ್ತ ವಾಲಿದೆ ಎಂದು ಒಂದು ದಿನವೂ ನೋಡದ ಈತ, ಅಂಕಣದ ಗೆರೆಯನ್ನು ಮಾತ್ರ ಕೂದಲೆಳೆಯಷ್ಟು ಸರಿಯಾಗಿ ನೋಡುತ್ತಿದ್ದ.

ಆ ವರ್ಷ ಖಾನಾಪುರದಲ್ಲಿ ನಡೆದ ಪಂದ್ಯಾವಳಿಯ ಕೊನೆಯ ಆಟ ಖಾನಾಪುರದ ತಂಡಕ್ಕೂ ಬೆಳಗಾವಿಯ ಒಂದು ತಂಡಕ್ಕೂ ಬಿತ್ತು. ಖಾನಾಪುರದ ಕಡೆ ರೈಡಿಗೆ ಹೋಗುವವರಲ್ಲಿ ಎಲ್ಲರಿಗಿಂತ ಚುರುಕಿನವನು ನನ್ನ ತಮ್ಮ. ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಗಟ್ಟಿ ಮೈ. ಎರಡೂ ಊರಿಗೆ ಸೇರದವನನ್ನು ಪಂಚನಾಗಿ ಕರೆಯುವುದು ರೂಢಿ. ಆದರೆ ಖಾನಾಪುರದ ಕಮಿಟಿಯ ಹಿರಿಯರೊಬ್ಬರು ನಮ್ಮ ಮನೆಯವರನ್ನೇ ಕೇಳಿಕೊಂಡು ಅನಗೋಳಕ್ಕೆ ಬಂದರು.

"ನನ್ನ ಹೇಣ್ತಿ ತಮ್ಮನ ಆಡತಾನ್ರಿ. ಬ್ಯಾರೆ ಯಾರನರ ಕರೀರಿ," ಎಂದರು ಇವರು.

"ಅದಕ್ಕ ನಿಮ್ಮನ್ನ ಕರಿಯಾಕ ಬಂದೇನ್ರಿ ಅಳೇಂದ್ರ. ನೀವು ಅನಗೋಳದವ್ರಂತ ಬೆಳಗಾವ್ಯಾವ್ರು ಒಪ್ಯಾರ. ನಮ್ಮೂರ ಅಳಿಯಾ ಅಂತ ನಾವು ಒಪ್ಪೇವಿ. ಇನ್ನೇನ ತಕರಾರು?"

"ಇಬ್ಬರೂ ನನ್ನ ನಮ್ಮಂವ ಅಂದ್ರ, ನಾಳೆ ಇಬ್ಬರೂ ಬೈತೀರಿ."

"ಛೇ ಛೇ! ಅಳಿಯಗ ಯಾರರ ಬೈತಾರೇನ್ರಿ?" ಎಂದು ಆ ಹಿರಿಯರು ನನ್ನ ಕಡೆ ತಿರುಗಿ ನಕ್ಕರು. "ಹೇಳವಾ ತಂಗಿ ನಿನ್ನ ಗಂಡಗ. ತವರಮನಿ ಮಾನದ ಪ್ರಶ್ನೆ ಐತಿ."

ಭಾನುವಾರ ಬೆಳಗಿನ ರೈಲಿಗೆ ಹೋದೆವು. ಅವ್ವ ಹೋಳಿಗೆ ಮಾಡಿದ್ದಳು. ಮೈದಾನದಲ್ಲಿ ಪಂಚನಿಗೆ ಮಾಡುವ ಸತ್ಕಾರಕ್ಕಿಂತ ಹೆಚ್ಚಿನದು ನಡೆಯಿತು. ಅಳಿಯನಿಗೆ ಮಾಡುವಂತೆ ಕುರ್ಚಿಯಲ್ಲಿ ಕೂರಿಸಿ, ಹೆಗಲಿಗೆ ಹೊಸ ಟವೆಲ್ ಹೊದಿಸಿ, ಕೈಯಲ್ಲಿ ಕಾಯಿ ಇಟ್ಟರು. ಚಪ್ಪಾಳೆ ಬಿತ್ತು. ಕಿರಾಣಿಯವನ ಚಪ್ಪಾಳೆ ಎಲ್ಲರದಕ್ಕಿಂತ ಜೋರು. ಇಷ್ಟು ಮಾಡಿದ ಮೇಲೆ ಅಳಿಯ ಮಾವನ ಊರಿನ ವಿರುದ್ಧ ಸೀಟಿ ಊದುತ್ತಾನೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ. ಬಾಯಿಬಿಟ್ಟು ಯಾರೂ ಹೇಳಿರಲೂ ಇಲ್ಲ. ಹೇಳುವ ಅಗತ್ಯವಿದೆ ಎಂದೇ ಅವರಿಗೆ ಅನಿಸಿರಲಿಲ್ಲ.

ಇವರು ಮೈದಾನದ ಪಕ್ಕದಲ್ಲಿ ಹೆಂಗಸರು ಕುಳಿತಿದ್ದ ಸಾಲೆಯ ಪಡಸಾಲೆಗೆ ಬಂದು ಟವೆಲ್ಲನ್ನೂ ಕಾಯಿಯನ್ನೂ ನನ್ನ ಕೈಗೆ ಕೊಟ್ಟರು. "ಗಟ್ಟಿ ಹಿಡಕೋ. ಆಮ್ಯಾಲ ಕಸಗೊಳ್ಳಾಕ ಬರ್ತಾರ," ಎಂದರು. ತಮಾಷೆಗೆ ಅಂದದ್ದು.

ಖಾನಾಪುರದ ಮೈದಾನದಲ್ಲಿ ಒಂದು ಚಟ ಇತ್ತು. ತಮ್ಮ ಊರಿನವ ರೈಡಿಗೆ ಹೋದರೆ ಮಂದಿಯೆಲ್ಲ ಅವನ ಜೊತೆಗೆ "ಕಬಡ್ಡಿ ಕಬಡ್ಡಿ" ಎಂದು ಒಂದೇ ದನಿಯಲ್ಲಿ ಅನ್ನುತ್ತಿದ್ದರು. ಹುಡುಗನಿಗೆ ಹುರುಪು ಬರಲಿ ಎಂದು. ಆದರೆ ಆಟದ ಲೆಕ್ಕ ಬೇರೆ. ಎದುರಿನ ಅಂಕಣಕ್ಕೆ ಹೋದವನು ಒಂದೇ ಉಸಿರಿನಲ್ಲಿ ತಾನು ಅನ್ನುತ್ತಿರಬೇಕು. ನಡುಗೆರೆ ಮುಟ್ಟುವ ಮೊದಲು ಅವನ ದಮ್ಮು ಮುರಿದರೆ ಔಟು. ಮಂದಿಯ ದಮ್ಮು ಅದಕ್ಕೆ ಸಲ್ಲುವುದಿಲ್ಲ.

ಎರಡೂ ಕಡೆ ಅಂಕ ಸಮ ಇದ್ದಾಗ ನನ್ನ ತಮ್ಮ ಕೊನೆಯ ರೈಡಿಗೆ ಹೋದ. ಒಬ್ಬನನ್ನು ಮುಟ್ಟಿದ. ಹಿಂದಿರುಗುವಾಗ ಬೆಳಗಾವಿಯ ನಾಲ್ಕು ಜನ ಅವನ ಮೇಲೆ ಬಿದ್ದರು. ಅವನು ನೆಲಕ್ಕೆ ಬಿದ್ದು, ಆ ನಾಲ್ವರನ್ನೂ ಎಳೆದುಕೊಂಡು ಗೆರೆಯ ಕಡೆ ತೆವಳಿದ. ಮೈದಾನವೆಲ್ಲ "ಕಬಡ್ಡಿ ಕಬಡ್ಡಿ" ಎಂದು ಗುಡುಗುತ್ತಿತ್ತು. ಇವರು ಆ ಮೈಗಳ ರಾಶಿಯ ಪಕ್ಕದಲ್ಲಿ ಮಣ್ಣಿಗೆ ಮೊಣಕಾಲೂರಿ, ತಮ್ಮನ ಬಾಯಿಯ ಹತ್ತಿರ ಕಿವಿ ಇಟ್ಟಿದ್ದರು. ತಮ್ಮನ ಕೈ ಗೆರೆ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಸೀಟಿ ಊದಿದರು. ಔಟು. ಗೆಲುವಿನ ಕಪ್ಪು ಬೆಳಗಾವಿಗೆ.

ನನಗೆ ಏನು ಕೇಳಿಸಿತೆಂದು ಕೇಳಿದರೆ, ಏನೂ ಕೇಳಿಸಲಿಲ್ಲ. ಅಷ್ಟು ದೂರದಿಂದ, ಆ ಗದ್ದಲದಲ್ಲಿ, ಯಾರಿಗೂ ಕೇಳಿಸಲು ಸಾಧ್ಯವಿರಲಿಲ್ಲ. ಆದರೆ ಮೈದಾನದಲ್ಲಿದ್ದ ಪ್ರತಿಯೊಬ್ಬನಿಗೂ ಕೇಳಿಸಿತ್ತು! ಅವರು ಕೇಳಿದ್ದು ತಮ್ಮದೇ ಬಾಯಿಯ ಕಬಡ್ಡಿ. ತಾವೇ ಅಂದು, ತಾವೇ ಕೇಳಿ, ಹುಡುಗ ಅಂದನೆಂದು ಸಾಕ್ಷಿ ಹೇಳಲು ನಿಂತರು.

"ಏ ಕಿವುಡಾ! ಫೌಂಡ್ರಿ ಹೊಗಿ ಕಿವ್ಯಾಗ ಹೊಕ್ಕೈತೇನ?" ಎಂದು ಮೊದಲು ಕೂಗಿದವನು ಕಿರಾಣಿಯವನೇ.

"ಹೋಳಿಗಿ ಹೆಚ್ಚಾಗೇತ್ರೋ! ಅಳಿಯಾ ಬಗ್ಗಿದಂವ ಅಲ್ಲೇ ಮಲಗ್ಯಾನ!" ಎಂದ ಇನ್ನೊಬ್ಬ.

ಮರಾಠಿಯಲ್ಲೂ ಬೈದರು, ಕನ್ನಡದಲ್ಲೂ ಬೈದರು. ಅಂಗಡಿಯ ಫಲಕ ಯಾವ ಭಾಷೆಯಲ್ಲಿರಬೇಕೆಂದು ವರ್ಷವೆಲ್ಲ ಕಾದಾಡುವವರು ಅಂದು ಮಾತ್ರ ಅಣ್ಣತಮ್ಮಂದಿರಾಗಿದ್ದರು. ಯಾರೋ ಒಬ್ಬ ಪಡಸಾಲೆಗೆ ಬಂದು ನನ್ನ ಕೈಯಿಂದ ಕಾಯಿಯನ್ನು ನಿಜವಾಗಿಯೂ ಕಸಿದುಕೊಂಡು ಹೋದ. ಟವೆಲ್ ಬಿಟ್ಟ, ನಾನು ಅದರಲ್ಲಿ ಮೂಗು ಒರೆಸಿಕೊಂಡಿದ್ದೆ. ಕಪ್ಪು ಗೆದ್ದ ಬೆಳಗಾವಿಯವರಾದರೂ ಒಂದು ಮಾತಾಡಿದರೇ? "ನಾವು ಹೆಂಗೂ ಗೆಲ್ಲಾವ್ರ ಇದ್ವಿ, ಪಂಚನ ಉಪಕಾರ ನಮಗ ಬೇಕಿರ್ಲಿಲ್ಲ," ಎನ್ನುತ್ತಾ ಟ್ರಕ್ಕು ಹತ್ತಿ ಹೋದರು.

ತವರುಮನೆಗೆ ಬಂದಾಗ ನನ್ನ ತಮ್ಮ ಬಚ್ಚಲ ಕಟ್ಟೆಯ ಮೇಲೆ ಕುಳಿತು ಮೊಣಕಾಲಿನ ಮಣ್ಣು ತೊಳೆಯುತ್ತಿದ್ದ. "ಅರಿಷಿಣ ಹಚ್ಚಕೋ, ಕೀವಾದೀತು," ಎಂದರು ಇವರು. ಬೇರೇನೂ ಕೇಳಲಿಲ್ಲ. ಇವರು ಹೊರಗೆ ಹೋದ ಮೇಲೆ ನಾನು ಕೇಳಿದೆ.

"ಖರೇ ಹೇಳು. ದಮ್ಮು ಮುರದಿತ್ತೋ ಇಲ್ಲೋ?"

"ಮಂದಿಯೆಲ್ಲಾ ಕೇಳ್ಯಾರಂತಲ್ಲ ಅಕ್ಕಾ."

"ಮಂದಿ ಮಾತು ಬಿಡು. ಬಾಯಿ ನಿಂದ ಐತಿ. ನೀ ಹೇಳು."

ಅವನು ತಂಬಿಗೆಯ ನೀರನ್ನೆಲ್ಲ ಒಮ್ಮೆಲೇ ಕಾಲಿಗೆ ಸುರಿದುಕೊಂಡು ಎದ್ದು ಹೋದ. ಊರು ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿತ್ತು, ಮೋಸಕ್ಕೆ ಸಿಕ್ಕಿ ಸೋತ ಹುಲಿ ಎಂದು. ಒಂದು ಮಾತು ಹೇಳಿದರೆ ಆ ಹೆಗಲಿನಿಂದ ಇಳಿಯಬೇಕಾಗಿತ್ತು.

ಆಮೇಲೆ ಇವರನ್ನು ಯಾರೂ ಪಂಚನಾಗಿ ಕರೆಯಲಿಲ್ಲ. ತಪ್ಪು ತೀರ್ಪು ಎಂದು ಯಾವ ಕಮಿಟಿಯವರೂ ಎದುರಿಗೆ ಹೇಳಲಿಲ್ಲ. "ಸುಮ್ನ ಗಲಾಟಿ ಆಗತೈತ್ರಿ," ಎಂದರು. ಗಲಾಟೆ ಮಾಡಿದವರನ್ನು ಮಾತ್ರ ಎಲ್ಲ ಪಂದ್ಯಕ್ಕೂ ಕರೆದರು. ಬಿಳಿ ಬೂಟು ಮಂಚದ ಕೆಳಗೆ ಹಳದಿಯಾದವು. ಕೆಲವು ಭಾನುವಾರ ಇವರು ಅನಗೋಳದಲ್ಲೇ ಆಟ ನೋಡಲು ಹೋಗಿ, ಎಲ್ಲರ ಹಿಂದೆ ನಿಂತು, ಮುಗಿಯುವ ಮೊದಲೇ ಬರುತ್ತಿದ್ದರು. ಖಾನಾಪುರಕ್ಕೆ ಹೋಗುವುದನ್ನು ಬಿಟ್ಟರು. ಒಮ್ಮೆ ಅವ್ವನಿಗೆ ಜ್ವರವೆಂದು ಹೋದಾಗ ಬಸ್ ನಿಲ್ದಾಣದ ಹೋಟೆಲಿನವ, "ಅಳೇಂದ್ರ, ಚಾ ಬಾಯಿಗೋ ಕಿವಿಗೋ?" ಎಂದು ಕೇಳಿದನಂತೆ. ಅದೇ ಕೊನೆ.

ನಾನು ನಾಗರ ಪಂಚಮಿಗೆ ತವರಿಗೆ ಹೋಗಿ ಬಂದಾಗಲೆಲ್ಲ ಇವರು ನಾನು ತಂದ ಉಂಡಿ ತಿನ್ನುತ್ತಾ ಕೇಳುತ್ತಿದ್ದರು. "ಎಲ್ಲಾರೂ ಆರಾಮ ಅದಾರ?"

"ಅದಾರ."

"ನಿನ್ನ ತಮ್ಮ ಏನರ ಅಂದನ?"

"ಇಲ್ಲ."

"ಅಂತಾನ ಬಿಡ. ಹುಡುಗ ಚೊಲೋ ಅದಾನ."

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಜ್ವರ ಎದೆಗಿಳಿದು ಇವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ಉಸಿರು ಮಾತಿನ ನಡುವೆ ಕಡಿಯುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಉಸಿರು ಕೇಳಬೇಕಾದರೆ ಎಷ್ಟು ಹತ್ತಿರ ಕೂರಬೇಕೆಂದು ನನಗೆ ಗೊತ್ತಾದದ್ದು ಆಗ.

ಮಣ್ಣು ಮಾಡುವುದಕ್ಕೆ ಖಾನಾಪುರದಿಂದ ಒಂದು ಟೆಂಪೋ ತುಂಬ ಮಂದಿ ಬಂದರು. ನನ್ನ ತಮ್ಮ ಹೆಗಲು ಕೊಟ್ಟ. ಮಗುವಿನಂತೆ ಅತ್ತ. ಎಲ್ಲ ಮುಗಿದ ಮೇಲೆ ಕಿರಾಣಿಯವನು ನಮ್ಮ ಕಟ್ಟೆಯ ಮೇಲೆ ಕುಳಿತು, ಬಂದವರಿಗೆಲ್ಲ ಕೇಳಿಸುವಂತೆ ನಿಟ್ಟುಸಿರು ಬಿಟ್ಟ.

"ಅಂಥಾ ನಿಷ್ಠುರ ಪಂಚ ಈ ಕಡೆ ಮತ್ತ ಹುಟ್ಟಂಗಿಲ್ಲ ಬಿಡ್ರಿ. ಯಾರ ಮುಲಾಜೂ ಇಡತಿದ್ದಿಲ್ಲ."

ನಾನು ಬಾಗಿಲಲ್ಲಿ ನಿಂತಿದ್ದೆ. "ಹಂಗಾದ್ರ ಅವತ್ತು ದಮ್ಮು ಮುರದಿತ್ತು ಅನ್ರಿ ಕಾಕಾ," ಎಂದೆ.

ಅವನು ಟೋಪಿ ಸರಿಮಾಡಿಕೊಂಡ. "ಅದೊಂದ ಬಿಡವಾ ತಂಗಿ. ಅದೊಂದ ತಪ್ಪಿತ್ತು. ನಾ ಅಲ್ಲೇ ಇದ್ದೆ, ನನ್ನ ಕಿವೀಲೆ ಕೇಳೇನಿ."

ಅವನಿಗೆ ನಾನು ಚಹಾ ಕೊಟ್ಟೆ. ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದ. ತಮ್ಮ ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದ. ನಾನು ಅವನನ್ನು ನೋಡಿದೆ. ಅವನು ಒದ್ದೆ ಪಂಚೆಯ ಅಂಚನ್ನು ಹಿಂಡುತ್ತಿದ್ದ.

ಈಗಲೂ ಪಂಚಮಿಗೆ ನನ್ನನ್ನು ಕರೆಯಲು ಅವನೇ ಬರುತ್ತಾನೆ. ನಾನು ಮರಳುವಾಗ ಉಂಡಿಯ ಡಬ್ಬಿ ಹಿಡಿದು ಬಸ್ಸಿನವರೆಗೆ ಬಂದು ಬಿಟ್ಟು ಹೋಗುತ್ತಾನೆ. ಸಾಲೆಗೆ ಹೋಗುವ ಮಕ್ಕಳಿದ್ದಾರೆ ಅವನಿಗೆ. ಊರಿನಲ್ಲಿ ಮರ್ಯಾದೆ ಇದೆ. ದಮ್ಮು ಮುರಿದಿತ್ತೋ ಇಲ್ಲವೋ, ಅವನು ಇವತ್ತಿನವರೆಗೂ ಹೇಳಿಲ್ಲ.